ಗುಂಡಿ ಒತ್ತಿದ್ದು ನಾನೇ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ಬರೀ ಬಿಳಿ. ಕ್ಯಾಮೆರಾ ಕೆಟ್ಟಿಲ್ಲ, ನಾವು ಮೋಡದೊಳಗಿದ್ದೇವೆ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಹತ್ತಿರ, 2000 ಅಡಿ ಎತ್ತರದಲ್ಲಿ, ಒಂದು ಸೆಸ್ನಾ 172, ಪುಟ್ಟ ವಿಮಾನ. ಬಲಗಡೆ ನನ್ನ ಇನ್‌ಸ್ಟ್ರಕ್ಟರ್. ಎಡಗಡೆ ನಾನು, ಎರಡೂ ಕೈ ತೊಡೆಯ ಮೇಲೆ. ಆಟೊಪೈಲಟ್ ಹಾಕಿದ್ದೇನೆ, ವಿಮಾನ ಅದರ ಪಾಡಿಗೆ ಅದು ಹೋಗುತ್ತಿದೆ.

ಈ ತುಣುಕನ್ನು ಅಮ್ಮನಿಗೆ ಕಳಿಸಿದ್ದೆ. ಹಾಸನದಿಂದ ತಕ್ಷಣ ಫೋನ್ ಬಂತು. "ಅಲ್ವೇ, ಅದೇ ಓಡುತ್ತೆ ಅಂದ್ರೆ ನಿಂಗೇನೇ ಕೆಲಸ ಅಲ್ಲಿ?"

ನಕ್ಕು ಸುಮ್ಮನಾದೆ. ಆವತ್ತು ಆದದ್ದನ್ನು ಅಮ್ಮನಿಗೆ ಪೂರ್ತಿ ಹೇಳಿರಲಿಲ್ಲ. ಇವತ್ತು ಹೇಳುತ್ತೇನೆ.

ಮೊದಲು ಈ ಬಿಳಿಯ ಬಗ್ಗೆ. ಸ್ಟಾಕ್‌ಟನ್ ಇರುವುದು ಸೆಂಟ್ರಲ್ ವ್ಯಾಲಿಯಲ್ಲಿ. ಪೂರ್ವಕ್ಕೆ ಸಿಯೆರಾ ನೆವಾಡಾ, ಪಶ್ಚಿಮಕ್ಕೆ ಕೋಸ್ಟ್ ರೇಂಜ್ ಬೆಟ್ಟಗಳು. ಚಳಿಗಾಲದಲ್ಲಿ ಮಳೆ ಬಂದು ನೆಲ ಒದ್ದೆಯಾಗುತ್ತದೆ, ರಾತ್ರಿ ಗಾಳಿ ತಣ್ಣಗಾಗಿ ಈ ಬಟ್ಟಲಿನ ತಳದಲ್ಲಿ ಕೂತುಬಿಡುತ್ತದೆ. ಅದೇ ಮಂಜು. ಇಲ್ಲಿನವರು ಟೂಲಿ ಫಾಗ್ ಅನ್ನುತ್ತಾರೆ. ಒಮ್ಮೊಮ್ಮೆ ಅದು ನೆಲ ಬಿಟ್ಟು ಸ್ವಲ್ಪ ಮೇಲೆದ್ದು ತಗ್ಗು ಮೋಡವಾಗಿ ನಿಲ್ಲುತ್ತದೆ. ಆವತ್ತು ಮೋಡದ ಅಡಿ ಭಾಗ ನೆಲದಿಂದ 700 ಅಡಿಯಲ್ಲಿತ್ತು. ಅಪ್ರೋಚ್, ಅಂದರೆ ರನ್‌ವೇಯತ್ತ ಇಳಿದು ಬರುವುದರ ಅಭ್ಯಾಸಕ್ಕೆ ಹೇಳಿ ಮಾಡಿಸಿದ ದಿನ.

ಇದರೊಳಗಿಂದ ರನ್‌ವೇ ಹುಡುಕುವುದು ಐಎಲ್‌ಎಸ್‌ನಿಂದ, ಅಂದರೆ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್‌ನಿಂದ. ನೆಲದಿಂದ ಎರಡು ರೇಡಿಯೋ ಸಿಗ್ನಲ್ ಬರುತ್ತವೆ. ಲೋಕಲೈಜರ್ ಎಡ-ಬಲ ಹೇಳುತ್ತದೆ. ಗ್ಲೈಡ್‌ಸ್ಲೋಪ್ ಮೇಲೆ-ಕೆಳಗೆ ಹೇಳುತ್ತದೆ. ಇಳಿಜಾರು ಸಾಮಾನ್ಯವಾಗಿ 3 ಡಿಗ್ರಿ. ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿಯಬೇಕು. ಮಾಮೂಲಿ ಐಎಲ್‌ಎಸ್‌ನಲ್ಲಿ ನೆಲದಿಂದ 200 ಅಡಿವರೆಗೆ ಬರಬಹುದು. ಅಷ್ಟರಲ್ಲಿ ದೀಪಗಳೋ ರನ್‌ವೇಯೋ ಕಾಣದಿದ್ದರೆ ವಾಪಸ್ ಮೇಲಕ್ಕೆ. ಇನ್ನೊಂದು ಚೂರು ಇಳಿದು ನೋಡೋಣ ಅನ್ನುವ ಮಾತೇ ಇಲ್ಲ.

ಇದನ್ನು ಕೈಯಲ್ಲೇ ಓಡಿಸಬಹುದು. ಓಡಿಸಲು ಬರಲೇಬೇಕು. ಆದರೆ ಮೋಡದೊಳಗೆ ನಮ್ಮ ಕಿವಿಯೊಳಗಿನ ಸಮತೋಲನ ಕೈ ಕೊಡುತ್ತದೆ. ವಿಮಾನ ವಾಲಿದ್ದರೂ ನೇರವಾಗಿದೆ ಅನ್ನಿಸುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಮೋಡದೊಳಗೆ ಹಾರುವ ತರಬೇತಿ ಇಲ್ಲದ 20 ಜನರನ್ನು ಮೋಡದಂಥ ಸ್ಥಿತಿಗೆ ಒಡ್ಡಿ ನೋಡಿದರು. 20 ಜನರೂ ಹತೋಟಿ ತಪ್ಪಿದರು. ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ!

ನನಗೆ ತರಬೇತಿ ಆಗಿದೆ, ಬರೀ ಉಪಕರಣ ನೋಡಿ ಹಾರುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಇದೆ. ಆದರೂ ಒಬ್ಬಳೇ ಇರುವಾಗ ರೇಡಿಯೋ, ಚಾರ್ಟು, ಇಂಧನ, ಹವಾಮಾನ ಎಲ್ಲ ನನ್ನ ತಲೆ ಮೇಲೆಯೇ. ಆಗ ರೆಕ್ಕೆ ಸಮ ಇಡುವ ಕೆಲಸವನ್ನು ಯಂತ್ರಕ್ಕೆ ಬಿಟ್ಟರೆ ತಪ್ಪೇನು? ಕೈಯಲ್ಲಿ ಓಡಿಸದವರು ಪೈಲಟ್ಟೇ ಅಲ್ಲ ಅನ್ನುವ ಹಿರಿಯರು ಇಲ್ಲೂ ಇದ್ದಾರೆ. ನಾನು ಅವರ ಪಕ್ಷ ಅಲ್ಲ.

ಆಟೊಪೈಲಟ್ ಹೊಸದೂ ಅಲ್ಲ ಬಿಡಿ. 1914ರಲ್ಲೇ ಪ್ಯಾರಿಸ್ ಹತ್ತಿರ ಸೀನ್ ನದಿಯ ಮೇಲೆ ಲಾರೆನ್ಸ್ ಸ್ಪೆರಿ ಅನ್ನುವವನು ಎರಡೂ ಕೈ ಮೇಲೆತ್ತಿ ವಿಮಾನ ಹಾರಿಸಿ ತೋರಿಸಿದ. ಅವನ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದುಕೊಂಡು ಹೋದ. ಜನ ದಂಗಾದರು. ಆಗಿನ್ನೂ ಮೊದಲ ಮಹಾಯುದ್ಧವೇ ಶುರುವಾಗಿರಲಿಲ್ಲ!

ಈಗ ನನ್ನ ಕಥೆ. ಈ ವಿಮಾನದಲ್ಲಿ ಇರುವುದು ಗಾರ್ಮಿನ್ ಜಿ1000 ಅನ್ನುವ ಸ್ಕ್ರೀನ್ ವ್ಯವಸ್ಥೆ, ಅದರ ಜೊತೆ ಜಿಎಫ್‌ಸಿ 700 ಆಟೊಪೈಲಟ್. ಸ್ಕ್ರೀನಿನ ತುದಿಯಲ್ಲಿ ಸಣ್ಣ ಅಕ್ಷರಗಳು ಕಾಣುತ್ತವೆ ನೋಡಿ. ಹಸಿರು ಅಂದರೆ ಈಗ ನಡೆಯುತ್ತಿರುವ ಕೆಲಸ. ಬಿಳಿ ಅಂದರೆ ಸರದಿಯಲ್ಲಿ ಕಾಯುತ್ತಿರುವ ಕೆಲಸ. ಇಡೀ ಆಟ ಇಷ್ಟೇ.

ಕಂಟ್ರೋಲರ್ ಹೇಳಿದರು: ಎಡಕ್ಕೆ ತಿರುಗಿ 320 ಡಿಗ್ರಿ ದಿಕ್ಕಿಗೆ, ಲೋಕಲೈಜರ್ ಸಿಗುವವರೆಗೆ 2000 ಅಡಿ, ರನ್‌ವೇ 29 ರೈಟ್‌ಗೆ ಐಎಲ್‌ಎಸ್ ಕ್ಲಿಯರ್. ನಾನು ಅದನ್ನೇ ಓದಿ ಹೇಳಿದೆ, ಹೆಡಿಂಗ್ ತಿರುಗಿಸಿದೆ, ಗುಂಡಿ ಒತ್ತಿದೆ. ವಿಮಾನ ಚೆನ್ನಾಗಿ ವಾಲಿ ಲೋಕಲೈಜರ್ ಹಿಡಿಯಿತು. ಎಷ್ಟು ನಾಜೂಕು ಅಂತ ಮನಸ್ಸಿನಲ್ಲೇ ಮೆಚ್ಚಿಕೊಂಡೆ.

ಒತ್ತಬೇಕಾಗಿದ್ದು ಅಪ್ರೋಚ್ ಗುಂಡಿ. ನಾನು ಒತ್ತಿದ್ದು ನ್ಯಾವ್ ಗುಂಡಿ.

ವ್ಯತ್ಯಾಸ ಏನು? ಎರಡೂ ಲೋಕಲೈಜರ್ ಹಿಡಿಯುತ್ತವೆ. ಗ್ಲೈಡ್‌ಸ್ಲೋಪ್ ಹಿಡಿದು ಇಳಿಸುವುದು ಅಪ್ರೋಚ್ ಮಾತ್ರ. ಬಿಳಿ ಅಕ್ಷರದಲ್ಲಿ ಜಿಎಸ್, ಅಂದರೆ ಗ್ಲೈಡ್‌ಸ್ಲೋಪ್, ಅಂತ ಕಾಯುತ್ತಿರಬೇಕಿತ್ತು. ಆ ಜಾಗ ಖಾಲಿ. ನಾನು ನೋಡಲೇ ಇಲ್ಲ.

ಗ್ಲೈಡ್‌ಸ್ಲೋಪ್‌ನ ವಜ್ರದ ಗುರುತು ಮೇಲಿನಿಂದ ಮೆಲ್ಲಗೆ ಇಳಿದು ನಡುವಿಗೆ ಬಂತು. ಇಲ್ಲಿ ಪವರ್ ಇಳಿಸುವುದು ರೂಢಿ. ಈ ಪುಟ್ಟ ವಿಮಾನದಲ್ಲಿ ಥ್ರಾಟಲ್ ತಾನಾಗಿ ಚಲಿಸುವುದಿಲ್ಲ, ಅದು ನನ್ನದೇ ಕೆಲಸ. 2100 ಆರ್‌ಪಿಎಂನಿಂದ 1700ಕ್ಕೆ ಇಳಿಸಿದೆ. ಆದರೆ ಆಟೊಪೈಲಟ್‌ಗೆ ಇಳಿಯುವ ಆದೇಶವೇ ಇಲ್ಲ. ಅದಕ್ಕೆ ಗೊತ್ತಿರುವುದು 2000 ಅಡಿ ಬಿಡಬಾರದು ಅಂತ ಮಾತ್ರ. ಪವರ್ ಕಮ್ಮಿಯಾಯಿತು, ಅದು ಮೂತಿ ಎತ್ತಿತು. ವೇಗ ಬಿತ್ತು, ಇನ್ನೂ ಎತ್ತಿತು, ಜೊತೆಗೆ ಮೂತಿಯನ್ನು ಹಾಗೇ ಹಿಡಿದಿಡುವ ಟ್ರಿಮ್ ಚಕ್ರವನ್ನೂ ಸುಮ್ಮನೆ ಹಿಂದಕ್ಕೆ ಸುತ್ತುತ್ತಾ ಹೋಯಿತು.

90 ನಾಟ್. 82. 75.

ಹೊರಗೆ ನೋಡಿದರೆ ಬರೀ ಬಿಳಿ. ಮೂತಿ ಎದ್ದದ್ದು ಮೈಗೆ ಗೊತ್ತೇ ಆಗಲಿಲ್ಲ. ಗಾಳಿಯ ಸದ್ದು ಕಮ್ಮಿಯಾಗಿತ್ತು, ಅಷ್ಟೇ. ನಾನು ಚಾರ್ಟಿನಲ್ಲಿ ಏನೋ ಹುಡುಕುತ್ತಿದ್ದೆ. ಇನ್‌ಸ್ಟ್ರಕ್ಟರ್ ಮಾತಾಡಲಿಲ್ಲ. ಒಂದು ಬೆರಳು ಚಾಚಿ ವೇಗದ ಪಟ್ಟಿಯನ್ನು ತಟ್ಟಿದರು. 68. ಹೀಗೇ ಬೀಳುತ್ತಾ ಹೋದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯುವುದಿಲ್ಲ.

ಕೆಂಪು ಗುಂಡಿ ಒತ್ತಿ ಆಟೊಪೈಲಟ್ ಬಿಡಿಸಿ ಫುಲ್ ಪವರ್ ಕೊಟ್ಟೆ. ಟ್ರಿಮ್ ಆಗಲೇ ಹಿಂದಕ್ಕೆ ಹೋಗಿತ್ತಲ್ಲ, ಕುದುರೆ ಮುಂಗಾಲು ಎತ್ತಿದ ಹಾಗೆ ಮೂತಿ ಇನ್ನೂ ಮೇಲಕ್ಕೆ. ಎರಡೂ ಕೈಯಲ್ಲಿ ಯೋಕ್, ಅಂದರೆ ವಿಮಾನದ ಸ್ಟೀರಿಂಗ್, ಅದುಮಿ ಹಿಡಿದೆ. ವೇಗ ಬಂತು. ಮಿಸ್ಡ್ ಅಪ್ರೋಚ್, ಅಂದರೆ ಇಳಿಯದೆ ವಾಪಸ್ ಮೇಲಕ್ಕೆ, ಅಂತ ರೇಡಿಯೋದಲ್ಲಿ ಹೇಳಿದೆ. ಕಂಟ್ರೋಲರ್ ಕಾರಣ ಕೇಳಲಿಲ್ಲ, ಹೊಸ ಹೆಡಿಂಗ್ ಕೊಟ್ಟರು. ಎಷ್ಟು ಒಳ್ಳೆಯವರು ಅನ್ನಿಸಿತು ಆ ಕ್ಷಣ.

ದೊಡ್ಡ ವಿಮಾನದಲ್ಲೂ ಇಂಥದ್ದು ಆಗಿದೆ. 2009ರ ಫೆಬ್ರವರಿ 25, ಆಮ್‌ಸ್ಟರ್‌ಡ್ಯಾಮ್. ಟರ್ಕಿಷ್ ಏರ್‌ಲೈನ್ಸ್‌ನ 737. ನೆಲದಿಂದ ಎತ್ತರ ಅಳೆಯುವ ರೇಡಿಯೋ ಆಲ್ಟಿಮೀಟರ್ ಕೆಟ್ಟು ತಪ್ಪು ಲೆಕ್ಕ ಕೊಟ್ಟು, ಆಟೊಥ್ರಾಟಲ್ ಪವರ್ ಪೂರ್ತಿ ಇಳಿಸಿತು. ಆಟೊಪೈಲಟ್ ಮಾತ್ರ ಗ್ಲೈಡ್‌ಸ್ಲೋಪ್ ಬಿಡದೆ ಮೂತಿ ಎತ್ತುತ್ತಲೇ ಹೋಯಿತು. 9 ಜನ ಹೋದರು. ಅಲ್ಲಿ ಯಂತ್ರ ಕೆಟ್ಟಿತ್ತು. ನನ್ನದರಲ್ಲಿ ಏನೂ ಕೆಟ್ಟಿರಲಿಲ್ಲ.

ನಮ್ಮ ತಾತ ಅರಸೀಕೆರೆ ಸಂತೆ ಮುಗಿಸಿ ರಾತ್ರಿ ಗಾಡಿ ಕಟ್ಟಿದರೆ ಗಾಡಿಯಲ್ಲೇ ಮಲಗಿಬಿಡುತ್ತಿದ್ದರಂತೆ. ಎತ್ತುಗಳು ಸೀದಾ ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು. ಆಟೊಪೈಲಟ್ ಅಂದಾಗ ಅಮ್ಮನ ತಲೆಯಲ್ಲಿ ಇರುವುದು ಆ ಎತ್ತುಗಳೇ. ಆದರೆ ಎತ್ತಿಗೆ ಮನೆ ಯಾವುದು ಅಂತ ಗೊತ್ತಿತ್ತು, ಅಲ್ಲಿ ಹುಲ್ಲು ಇದೆ ಅಂತಲೂ ಗೊತ್ತಿತ್ತು. ಇದಕ್ಕೆ ಸ್ಟಾಕ್‌ಟನ್ ಗೊತ್ತಿಲ್ಲ. ನಾನು ಇಳಿಯಲು ಬಂದಿದ್ದೇನೆ ಅಂತಲೂ ಗೊತ್ತಿಲ್ಲ.

ಎರಡನೇ ಸಲ. ಈ ಸಲ ಒಂದು ಅಭ್ಯಾಸ ಸೇರಿಸಿಕೊಂಡೆ. ಗುಂಡಿ ಒತ್ತಿ ಸುಮ್ಮನಾಗುವುದಿಲ್ಲ, ಸ್ಕ್ರೀನಿನ ಅಕ್ಷರ ಓದಿ ಜೋರಾಗಿ ಹೇಳುತ್ತೇನೆ. "ಹೆಡಿಂಗ್ ಹಸಿರು. ಲಾಕ್ ಬಿಳಿ, ಜಿಎಸ್ ಬಿಳಿ." ಲಾಕ್ ಅಂದರೆ ಲೋಕಲೈಜರ್. ಕನ್ನಡದಲ್ಲೇ ಹೇಳುತ್ತೇನೆ, ಇನ್‌ಸ್ಟ್ರಕ್ಟರ್‌ಗೆ ಈಗ ಹಸಿರು, ಬಿಳಿ ಎರಡೂ ಬಾಯಿಗೆ ಬಂದಿವೆ. ಲಾಕ್ ಹಸಿರಾಯಿತು. ಜಿಎಸ್ ಹಸಿರಾಯಿತು. ಆಮೇಲೆ ಪವರ್ ಇಳಿಸಿದೆ, ಅದಕ್ಕೂ ಮೊದಲಲ್ಲ. ಒಂದು ಕೈ ಥ್ರಾಟಲ್ ಮೇಲೆ, ಒಂದು ಕೈ ಯೋಕ್ ಹತ್ತಿರ, ಹೆಬ್ಬೆರಳು ಕೆಂಪು ಗುಂಡಿಯ ಪಕ್ಕ.

ಇಲ್ಲಿ ನೋಡಿ, ಬಿಳಿ ಬೂದಿಬಣ್ಣಕ್ಕೆ ತಿರುಗುತ್ತಿದೆ. ಒದ್ದೆ ಹೊಲಗಳು ಕಂಡವು. ಆಮೇಲೆ ದೀಪಗಳ ಸಾಲು, ನೇರ ಮುಂದೆ. ಹೆಬ್ಬೆರಳು ಒತ್ತಿದೆ. ಆಟೊಪೈಲಟ್ ಬಿಟ್ಟ ಸದ್ದು ಬಂತು. ಇಳಿಸಿದ್ದು ನಾನೇ. ಸ್ವಲ್ಪ ಕುಪ್ಪಳಿಸಿತು, ಅದನ್ನು ಎಡಿಟ್ ಮಾಡಿ ತೆಗೆದಿಲ್ಲ.

ಹೀಗೆ ಮೋಡದೊಳಗೆ ಹಾರಬೇಕಾದರೆ ಇಲ್ಲಿನ ನಿಯಮದಂತೆ ಹಿಂದಿನ 6 ತಿಂಗಳಲ್ಲಿ 6 ಅಪ್ರೋಚ್ ಮಾಡಿರಬೇಕು. ಆಟೊಪೈಲಟ್ ಹಾಕಿ ಮಾಡಿದ್ದೂ ಲೆಕ್ಕಕ್ಕೆ ಬರುತ್ತದೆ. ಮತ್ತೆ ಮೇಲೇರಿದಾಗ ಇನ್‌ಸ್ಟ್ರಕ್ಟರ್ ಆಟೊಪೈಲಟ್‌ನ ಸರ್ಕ್ಯೂಟ್ ಬ್ರೇಕರ್ ಹಿಡಿದು ಎಳೆದರು. ಮೂರನೆಯದು ಪೂರ್ತಿ ಕೈಯಲ್ಲೇ. ಸೂಜಿ ಅತ್ತ ಇತ್ತ ಓಲಾಡಿತು, ಅಂಗೈ ಬೆವರಿತು, 200 ಅಡಿ ಮುಟ್ಟುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತ್ತು.

ಅಮ್ಮನಿಗೆ ಕಳಿಸುವ ಮುಂದಿನ ವಿಡಿಯೋ ಅದು. ಅದರಲ್ಲಿ ಕೈ ಎರಡೂ ಕಾಣುತ್ತವೆ.