ನೀರು ನೋಡಿ ಹೊರಡಿ

ಕೇಳುಗರೆ, ನಮಸ್ಕಾರ. ಹಕ್ಕಿ ನೋಡಲು ಎರಡು ತಾಣ, ಇಳಿದು ನೋಡಲು ಒಂದು ಗುಹೆ, ಇವುಗಳಿಗೆ ಹೊರಡುವವರಿಗೆ ನಾಲ್ಕು ಮಾತು.

ದಸರಾಕ್ಕೆಂದು ಮೈಸೂರಿಗೆ ಬಂದವರು ಹಾಗೇ ರಂಗನತಿಟ್ಟಿಗೂ ಹೋಗುವುದುಂಟು. ಕೆಲವರು ಮಾತ್ರ ‘ಮರವೆಲ್ಲ ಖಾಲಿ’ ಎಂದೋ ‘ದೋಣಿ ಬಿಡಲಿಲ್ಲ’ ಎಂದೋ ಮುಖ ಸಣ್ಣ ಮಾಡಿಕೊಂಡು ಮರಳುತ್ತಾರೆ. ಹಕ್ಕಿಗಳಿಗೆ ನಮ್ಮ ರಜೆಯ ಲೆಕ್ಕ ಬೇಕಿಲ್ಲ, ಅವು ನೀರನ್ನು ನೋಡುತ್ತವೆ.

ರಂಗನತಿಟ್ಟು ಕಾವೇರಿಯ ನಡುಗಡ್ಡೆಗಳ ಗುಂಪು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. ಮೇಲ್ಗಡೆಯ ಕನ್ನಂಬಾಡಿ ಕಟ್ಟೆ ತುಂಬಿ ನೀರು ಬಿಟ್ಟರೆ ತಿಟ್ಟುಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ, ದೋಣಿ ನಿಲ್ಲುತ್ತದೆ. ಮಳೆಗಾಲದಲ್ಲಿ ಹೊರಡುವ ಮುನ್ನ ಪತ್ರಿಕೆಯಲ್ಲಿ ಕಟ್ಟೆಯ ಹೊರಹರಿವು ನೋಡಿಕೊಳ್ಳಿ. ಗೂಡು, ಮರಿ ಕಾಣಬೇಕೆಂದರೆ ಫೆಬ್ರುವರಿಯಿಂದ ಮೇ ಒಳ್ಳೆಯ ಕಾಲ. ಹೊಳೆ ಇಳಿದಾಗ ಮೀನು ಮಡುಗಳಲ್ಲಿ ಒತ್ತೊತ್ತಾಗಿ ಸಿಗುತ್ತದೆ, ಮರಿಗಳ ಹೊಟ್ಟೆ ತುಂಬುತ್ತದೆ.

ಬಾಗಿಲು ತೆರೆಯುವ ಹೊತ್ತಿಗೇ ತಲುಪಿ, ಮೊದಲ ದೋಣಿ ಹಿಡಿಯಿರಿ. ದುರ್ಬೀನು ಎಂಟು ಪಟ್ಟು ಹಿಗ್ಗಿಸಿ ತೋರಿಸುವಂಥದ್ದು ಸಾಕು. ಅದಕ್ಕಿಂತ ಹೆಚ್ಚಿನದಾದರೆ ಅಲುಗುವ ದೋಣಿಯಲ್ಲಿ ಹಕ್ಕಿ ಕಣ್ಣಿಗೆ ನಿಲ್ಲುವುದಿಲ್ಲ. ಕೈಯನ್ನು ನೀರಿಗೆ ಇಳಿಬಿಡಬೇಡಿ, ಬಂಡೆಯ ಮೇಲೆ ಮಲಗಿರುವುದು ಮರದ ದಿಮ್ಮಿಯಲ್ಲ, ಮೊಸಳೆ.

ಹೆಜ್ಜಾರ್ಲೆಯನ್ನು, ಅಂದರೆ ಪೆಲಿಕನ್ ಹಕ್ಕಿಯನ್ನು, ತೀರ ಹತ್ತಿರದಿಂದ ನೋಡಬೇಕೆಂದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೇ ಸರಿ. ಅಲ್ಲಿ ಗೂಡುಗಳು ಕಾಡಿನಲ್ಲಿಲ್ಲ, ಮನೆಯಂಗಳದ ಹುಣಸೆ, ಆಲದ ಮರಗಳಲ್ಲಿವೆ. ಡಿಸೆಂಬರ್, ಜನವರಿಯಲ್ಲಿ ಬಂದ ಹಕ್ಕಿಗಳು ಮುಂಗಾರಿನ ಹೊತ್ತಿಗೆ ಹೊರಟುಬಿಡುತ್ತವೆ. ನಡುಹಗಲಿನಲ್ಲಿ ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚಿ ಸುಮ್ಮನೆ ನಿಂತಿದ್ದರೆ ಅದು ಫೋಟೊಕ್ಕೆ ಕೊಟ್ಟ ಭಂಗಿಯಲ್ಲ, ಮರಿಗೆ ಹಿಡಿದ ನೆರಳು. ಹಾರಲಿ ಎಂದು ಚಪ್ಪಾಳೆ ತಟ್ಟುವವರನ್ನು ಊರಿನವರು ಗದರಿಸುತ್ತಾರೆ, ಸರಿಯಾಗಿಯೇ ಗದರಿಸುತ್ತಾರೆ. ತಾಯಿ ಎದ್ದರೆ ಮರಿ ಬಿಸಿಲಿಗೆ ಬೇಯುತ್ತದೆ, ಮೊಟ್ಟೆ ಕಾಗೆಯ ಪಾಲು. ಮರದಡಿ ನಿಲ್ಲುವವರು ತಲೆಗೊಂದು ಟೋಪಿ ಹಾಕಿಕೊಳ್ಳಿ, ಕಾರಣ ಮೇಲಿನಿಂದ ತಾನೇ ಬೀಳುತ್ತದೆ.

ಇನ್ನು ಗುಹೆ. ಸುಣ್ಣದ ಕಲ್ಲು ಇರುವಲ್ಲಿ ನೀರೇ ಗುಹೆ ಕೊರೆಯುತ್ತದೆ. ಆಂಧ್ರದ ನಂದ್ಯಾಲ ಜಿಲ್ಲೆಯ ಬೇಲಂ ಗುಹೆ ಅಂಥದ್ದು. ತಾಡಿಪತ್ರಿಯಿಂದ ಸುಮಾರು 30 ಕಿಲೋಮೀಟರ್. ಅಳೆದಿರುವ ಉದ್ದ 3229 ಮೀಟರ್, ನಾವು ನಡೆಯಬಹುದಾದದ್ದು ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್. ಗುಹೆಯೆಂದರೆ ತಂಪು ಎಂದುಕೊಂಡು ಹೋದವರು ಇಲ್ಲಿ ಬೆವರಿನಲ್ಲಿ ನೆನೆಯುತ್ತಾರೆ. ಒಳಗೆ ಸೆಕೆ, ಗಾಳಿಯಲ್ಲಿ ತೇವ. ಗಾಳಿಕೊಳವೆ ಹಾಕಿದ್ದಾರೆ, ಆದರೂ ಉಬ್ಬಸವಿದ್ದವರು ಬಾಗಿಲ ಬಳಿಯ ದೊಡ್ಡ ಅಂಕಣ ನೋಡಿ ಹಿಂದಿರುಗುವುದೇ ಮೇಲು. ಎ.ಸಿ. ಕಾರಿನಿಂದ ನೇರ ಒಳಗೆ ಒಯ್ದ ಕ್ಯಾಮೆರಾದ ಗಾಜು ಮಂಜಾಗುತ್ತದೆ, ತಣ್ಣನೆಯ ಗಾಜಿನ ಮೇಲೆ ತೇವ ಕಟ್ಟುತ್ತದೆ. ಚೀಲದ ಜಿಪ್ ತೆಗೆಯದೆ ಇಪ್ಪತ್ತು ನಿಮಿಷ ಹೊರಗಿಟ್ಟು ಆಮೇಲೆ ಇಳಿಯಿರಿ.

ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೊಂಬುಗಳನ್ನು ಮುಟ್ಟಬಾರದು. ಕೈಯ ಜಿಡ್ಡು ಹತ್ತಿದ ಕಡೆ ಸುಣ್ಣ ಕೂಡುವುದಿಲ್ಲ, ಕಲ್ಲು ಕಪ್ಪಾಗಿ ಬೆಳವಣಿಗೆ ನಿಲ್ಲುತ್ತದೆ. ಕರೆಂಟು ಹೋದರೆ ಕಣ್ಣಿಗೆ ಕೈ ಕಾಣದ ಕತ್ತಲು, ಆದ್ದರಿಂದ ತಲೆಗೊಂದರಂತೆ ಟಾರ್ಚ್ ಇರಲಿ. ಮೇಲಿನ ನೆಲದಿಂದ 46 ಮೀಟರ್ ಆಳದಲ್ಲಿ ಪಾತಾಳಗಂಗೆ ಎಂಬ ತೊರೆ ಹರಿದು ಕಲ್ಲಿನೊಳಗೆ ಮರೆಯಾಗುತ್ತದೆ. ಅಲ್ಲಿಗಿಳಿಯುವ ಮೆಟ್ಟಿಲು ಒದ್ದೆ. ಕ್ಯಾಮೆರಾ ಚೀಲದಲ್ಲಿರಲಿ, ಕೈ ಕಂಬಿಯ ಮೇಲಿರಲಿ.

ನಮಸ್ಕಾರ.