ಅಷ್ಟೂರಿನ ಗುಮ್ಮಟಗಳು: ಕಲ್ಲಿನ ಹೂವು, ಮಣ್ಣಿನ ಹೂವು

ಬೀದರಿನ ಬಂಧುಗಳೇ,

ಅಷ್ಟೂರಿನ ಗುಮ್ಮಟಗಳ ಮಾತು ಬಂದಾಗ ಎಲ್ಲರ ಕಣ್ಣೂ ಮೇಲಕ್ಕೆ ಹೋಗುತ್ತದೆ. ನಾನು ನೆಲದಿಂದ ಆರಂಭಿಸುತ್ತೇನೆ.

ನಮ್ಮ ಊರು ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಈ ಕೆಂಪು ಕಲ್ಲು ಮಳೆನೀರನ್ನು ಹೀರಿಕೊಂಡು ಅಂಚಿನಲ್ಲಿ ಝರಿಯಾಗಿ ಬಿಡುತ್ತದೆ. ನಾನಕ ಝೀರಾ, ಪಾಪನಾಶದ ಬುಗ್ಗೆ ಎಲ್ಲವೂ ಅದರ ಕೊಡುಗೆ. ನೌಬಾದಿನ ಸುರಂಗ ಬಾವಿಯನ್ನು, ಅಂದರೆ ನೆಲದಡಿಯ ನೀರಿನ ಕಾಲುವೆಯನ್ನು, ತೋಡಿದವರು ಆ ನೀರಿನ ಜಾಡನ್ನು ಚೆನ್ನಾಗಿ ಬಲ್ಲವರಾಗಿದ್ದರು. ಇಂಥ ನೆಲದ ಪೂರ್ವದ ಇಳಿಜಾರಿನಾಚೆ, ಊರಿನಿಂದ 3-4 ಕಿಲೋಮೀಟರ್ ದೂರದ ಅಷ್ಟೂರಿನಲ್ಲಿ, ಬಹಮನಿ ಸುಲ್ತಾನರು ತಮ್ಮ ಕೊನೆಯ ಜಾಗ ಆರಿಸಿಕೊಂಡರು. ದಾರಿಯಲ್ಲಿ ದಿಬ್ಬದ ಮೇಲೆ ಸೂಫಿ ಸಂತ ಖಲೀಲುಲ್ಲಾ ಅವರ ಗೋರಿಯಾದ ಚೌಖಂಡಿ. ಸುಲ್ತಾನರ ಗೋರಿಗಳು ಅದರಾಚೆ, ಬಯಲಿನಲ್ಲಿ ಸಾಲಾಗಿ. ಅರಸರನ್ನು ಕಾಣಲು ಹೋಗುವವರು ಮೊದಲು ಸಂತರ ಎದುರು ಹಾದುಹೋಗಬೇಕು. ಈ ವಿನ್ಯಾಸದಲ್ಲಿ ಒಂದು ವಿನಯವಿದೆ ಎಂದೇ ನನ್ನ ನಂಬಿಕೆ.

1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿಯೊಳಗೆ ಕಾಲಿಟ್ಟು, ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ. ಕೆಂಪು, ನೀಲಿ, ಬಂಗಾರದ ಬಣ್ಣಗಳು ನಿಧಾನವಾಗಿ ಮೇಲೇಳುತ್ತವೆ. ಗೋಡೆಯಿಂದ ಗುಮ್ಮಟದವರೆಗೆ ಹೂಬಳ್ಳಿಗಳು, ನಡುನಡುವೆ ಬಂಗಾರದ ಅಕ್ಷರಗಳು. ಆ ಬಳ್ಳಿಯನ್ನು ಬೆರಳಿನಿಂದಲ್ಲ, ಕಣ್ಣಿನಿಂದ ಹಿಂಬಾಲಿಸಿ. ಬುಡ ಸಿಗುವುದಿಲ್ಲ, ತುದಿಯೂ ಸಿಗುವುದಿಲ್ಲ. ಸಾವಿನ ಮನೆಯೊಳಗೆ ಮುಗಿಯದ ಬಳ್ಳಿ ಬರೆದ ಕಲಾವಿದರಿಗೆ ತಾವು ಏನು ಹೇಳುತ್ತಿದ್ದೇವೆಂಬುದು ಗೊತ್ತಿತ್ತು. ಪಕ್ಕದಲ್ಲೇ ಅವನ ಮಗ ಅಲಾವುದ್ದೀನನ ಗೋರಿ. ಅಲ್ಲಿ ಅಲಂಕಾರ ಹೊರಮುಖಕ್ಕೆ ಬಂದಿದೆ, ಬಣ್ಣದ ಹೆಂಚಿನ ಫಲಕಗಳಾಗಿ. ಬಹುಪಾಲು ಉದುರಿಹೋಗಿದ್ದರೂ ಉಳಿದ ನೀಲಿ ಇಂದಿಗೂ ಮಾಸಿಲ್ಲ.

ಊರಿನ ಪಶ್ಚಿಮಕ್ಕೆ ಬಂದರೆ ತೋಟದ ಕಲ್ಪನೆ ಬಯಲಿಗೇ ಇಳಿಯುತ್ತದೆ. ಬಹಮನಿಗಳ ನಂತರ ಬೀದರನ್ನಾಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ್ 16ನೆಯ ಶತಮಾನದಲ್ಲಿ ತಾನು ಬದುಕಿದ್ದಾಗಲೇ ಕಟ್ಟಿಸಿಕೊಂಡ ಗೋರಿ ನಾಲ್ಕು ಭಾಗಗಳ ತೋಟದ, ಅಂದರೆ ಚಾರ್‌ಬಾಗ್‌ನ, ನಡುವೆ ನಿಂತಿದೆ. ಕುರಾನಿನ ಸ್ವರ್ಗದಲ್ಲಿ ನೀರು, ಹಾಲು, ಮದಿರೆ, ಜೇನಿನ ನದಿಗಳು ಹರಿಯುತ್ತವೆ. ಇಂಥ ತೋಟಗಳ ನಾಲ್ಕು ಪಾಲುಗಳಲ್ಲಿ ಆ ನದಿಗಳ ನೆನಪನ್ನು ಕಾಣುವುದುಂಟು. ಈ ಗೋರಿಗೆ ನಾಲ್ಕೂ ಕಡೆ ತೆರೆದ ಕಮಾನುಗಳಿವೆ. ಹೊರಗಿನ ಹಸಿರು, ಗಾಳಿ, ಹೂವಿನ ವಾಸನೆ ಸಮಾಧಿಯವರೆಗೆ ಬರಲಿ ಎಂದೇ ಕಟ್ಟಿದಂತಿದೆ. ತೋಟವಿಲ್ಲದಿದ್ದರೆ ಈ ಕಟ್ಟಡ ಅರ್ಧ ಮಾತ್ರ.

ಇನ್ನು ಜೀವಂತ ಹೂವು. ಕಾಮಕಸ್ತೂರಿಯನ್ನು ನಮ್ಮಲ್ಲಿ ಸಬ್ಜಾ ಎನ್ನುತ್ತಾರೆ. ಮುಸ್ಲಿಮರು ಅದನ್ನು ಗೋರಿಯ ಮಣ್ಣಿನ ಮೇಲೆ ಬೆಳೆಸುವುದುಂಟು. ಪ್ರವಾದಿಯವರು ಎರಡು ಗೋರಿಗಳ ಮೇಲೆ ಖರ್ಜೂರದ ಹಸಿಗರಿ ನೆಟ್ಟು, ಅದು ಒಣಗುವವರೆಗೆ ಒಳಗಿರುವವರ ಯಾತನೆ ಕಡಿಮೆಯಾದೀತು ಎಂದರೆಂದು ಅವರ ನುಡಿ-ನಡೆಗಳ ಸಂಗ್ರಹವಾದ ಹದೀಸಿನಲ್ಲಿದೆ. ಸತ್ತವರಿಗಾಗಿ ಹಸಿರೂ ಪ್ರಾರ್ಥಿಸುತ್ತದೆ ಎಂಬ ಭಾವ ಎಷ್ಟು ದೊಡ್ಡದು! ನಮ್ಮ ಲಿಂಗಾಯತರ ಗದ್ದುಗೆಯ ಮೇಲೆ ಬಿಲ್ವಪತ್ರೆ ಏರುತ್ತದೆ. ಅಷ್ಟೂರಿನಲ್ಲಿ ಇವೆರಡು ಲೋಕಗಳೂ ಕೂಡುತ್ತವೆ. ಅಹಮದ್ ಶಾ ವಲಿಯನ್ನು ಅಲ್ಲಮಪ್ರಭುವೆಂದು ಭಾವಿಸುವ ಭಕ್ತರಿದ್ದಾರೆ, ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಬರುತ್ತಾರೆ, ಕಾಯಿ ಒಡೆಯುತ್ತದೆ, ಹೂವಿನ ಚಾದರವೂ ಏರುತ್ತದೆ.

ಗೋರಿಗಳ ಸುತ್ತ ಬಹಮನಿ ಕಾಲದ ಗಿಡಗಳನ್ನಷ್ಟೇ ನೆಡಬೇಕು ಎನ್ನುವ ಶುದ್ಧಿವಾದಿಗಳಿಗೆ ಒಂದು ಮಾತು. ದರ್ಗಾ, ಗುಡಿಗಳಲ್ಲಿ ಕಾಣುವ ದೇವಕಣಗಿಲೆ ಅಮೆರಿಕ ಖಂಡದ ಗಿಡ, ಚೆಂಡುಹೂವೂ ಅಲ್ಲಿಯದೇ. ಅಹಮದ್ ಶಾ ಅವೆರಡನ್ನೂ ನೋಡಿರಲಾರ. ಕೊಲಂಬಸ್ ಹೊರಟಿದ್ದೇ 1492ರಲ್ಲಿ. ಆದರೆ ಎಲೆಯೆಲ್ಲ ಉದುರಿದ ಮೇಲೂ ಬೋಳು ಕೊಂಬೆಯಲ್ಲಿ ಹೂಬಿಡುವ ದೇವಕಣಗಿಲೆಯನ್ನು ಜನ ಸಮಾಧಿಯ ಮರವಾಗಿ ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ಕಿತ್ತು ಹಾಕುವ ಹಕ್ಕು ನಮಗಿಲ್ಲ.

ನಾನು ವಿರೋಧಿಸುವುದು ಹುಲ್ಲುಹಾಸನ್ನು. ಅದು ಬಿಸಿಲ ನಾಡಿನ ನೀರು ಕುಡಿಯುತ್ತದೆ. ನೆರಳು ಕೊಡುವುದಿಲ್ಲ, ಪರಿಮಳ ಕೊಡುವುದಿಲ್ಲ. ಅದರ ನಿರಂತರ ತೇವ ಹಳೆಯ ಗಾರೆಗೂ ಒಳ್ಳೆಯದಲ್ಲ. ಅಡಿಪಾಯಕ್ಕೆ ಬೇರು ತಾಗದಷ್ಟು ದೂರದಲ್ಲಿ ಬೇವು, ದೇವಕಣಗಿಲೆ, ದಾಳಿಂಬೆ ಇರಲಿ. ನಡೆಯುವ ದಾರಿಯ ಬದಿಗೆ ಮಲ್ಲಿಗೆ, ಕಾಮಕಸ್ತೂರಿ ಸಾಕು. ಸ್ಮಾರಕದ ಆವರಣದೊಳಗೆ ಗುಂಡಿ ತೋಡಲು ಅನುಮತಿ ಬೇಕು. ಆವರಣದ ಹೊರಗಿನ ರಸ್ತೆಬದಿಯಲ್ಲಿ ಸಸಿ ನೆಡುವ ಕೆಲಸವನ್ನು ಪಂಚಾಯಿತಿಯೊಂದಿಗೆ ಮಾತನಾಡಿ ಈ ಮಳೆಗಾಲದಲ್ಲೇ ಆರಂಭಿಸಬಹುದು.