ಯಾವ ಕನ್ನಡದಾಗ ಕೇಳಿದ್ರಿ?

ನಮಸ್ಕಾರ, ಬಳ್ಳಾರಿಯಿಂದ ಮಾತಾಡ್ತಿದ್ದೀನಿ. ಮೊನ್ನೆ ಇಲ್ಲೇ ಒಂದು ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಮನಃಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡೋರು ಪ್ರಬಂಧ ಮಂಡಿಸ್ತಿದ್ರು. ಒಬ್ಬ ಹುಡುಗಿ ಜೀನ್ಸ್ ಕೆಲಸದ ಹೆಣ್ಮಕ್ಕಳ ಖಿನ್ನತೆ ಬಗ್ಗೆ ಹತ್ತು ನಿಮಿಷ ಇಂಗ್ಲಿಷಿನಲ್ಲಿ ಓದಿದ್ಲು. ಪರದೆ ಮೇಲೆ ಕೋಷ್ಟಕ, ಅದರ ಕೆಳಗೆ ಆಲ್ಫಾ ಅನ್ನೋ ಅಂಕಿ. ಮುಂದಿನ ಸಾಲಿನವರು ಸ್ಯಾಂಪಲ್ ಎಷ್ಟು, ಯಾವ ಟೆಸ್ಟ್ ಅಂತ ಕೇಳಿ ಮುಗಿಸಿದ್ರು. ಆ ಹೆಣ್ಮಕ್ಕಳನ್ನ ಯಾವ ಕನ್ನಡದಾಗ ಕೇಳಿದಿ ಅಂತ ಯಾರೂ ಕೇಳಲಿಲ್ಲ.

ನಮ್ಮವ್ವ ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟಿನ ದಾರ ಕತ್ತರಿಸ್ತಾಳೆ. ಒಮ್ಮೆ ಯಾರೋ ಫಾರ್ಮ್ ಹಿಡಕೊಂಡು ಬಂದ್ರು. "ಕಳೆದ ಎರಡು ವಾರಗಳಲ್ಲಿ ಖಿನ್ನತೆ, ನಿರಾಶೆ ಅನುಭವಿಸಿದ್ದೀರಾ?" ಅವ್ವ ಕತ್ತರಿ ಕೆಳಗಿಟ್ಟು, "ಇಲ್ಲವ್ವ, ಅಂಥಾದ್ದೇನಿಲ್ಲ" ಅಂದ್ಲು. ಸೊನ್ನೆ ಬಿತ್ತು. ಹಿಂದಿನ ರಾತ್ರಿ ಅದೇ ಅವ್ವ ನನ್ನ ಹತ್ರ, "ಎದಿ ಭಾರ ಆಗೈತಿ, ಯಾವ್ದಕ್ಕೂ ಮನಸಾಗವಲ್ದು" ಅಂದಿದ್ಲು. ಆಮೇಲೆ ನಿದ್ದೆ ಪ್ರಶ್ನೆ. ಮೇ ತಿಂಗಳ ಬಳ್ಳಾರಿ, ಕರೆಂಟಿಲ್ಲ. "ಎಲ್ಲಿ ನಿದ್ದಿ ಬರ್ತೈತಿ?" ಮೂರು ಅಂಕ. ಸಂಕಟಕ್ಕೆ ಸೊನ್ನೆ, ಸೆಕೆಗೆ ಮೂರು.

ಆ ಫಾರ್ಮು ಖಿನ್ನತೆ ಅಳೆಯೋ ಪಿಎಚ್‌ಕ್ಯು-9 ಅನ್ನೋ ಅಳತೆ. 2001ರಲ್ಲಿ ಅಮೆರಿಕದಿಂದ ಪ್ರಕಟವಾದದ್ದು. ಒಂಬತ್ತು ಪ್ರಶ್ನೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಅಳತೆ ಒಳ್ಳೇದೇ. ತೊಡಕಿರೋದು ಕನ್ನಡಕ್ಕೆ ತರೋ ರೀತಿಯಲ್ಲಿ. ಒಬ್ಬರು ಕನ್ನಡಕ್ಕೆ ತಿರುಗಿಸ್ತಾರೆ, ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸ್ತಾರೆ, ಎರಡೂ ತಾಳೆಯಾದ್ರೆ ಪಾಸು. 'ಖಿನ್ನತೆ' ಅನ್ನೋ ಮಾತು ಹೋಗಿ ಬರುವಾಗ ಒಂಚೂರೂ ಸವೆಯಲ್ಲ, ಯಾಕಂದ್ರೆ ತಿರುಗಿಸೋರಿಬ್ಬರೂ ಡಿಗ್ರಿ ಓದಿದವರು. ನಮ್ಮವ್ವನ ಹತ್ರ ಅದು ಬರೋದೇ ಇಲ್ಲ. ಆಲ್ಫಾನೂ ಇದನ್ನ ಹಿಡಿಯಲ್ಲ. ಪ್ರಶ್ನೆಗಳು ಒಂದಕ್ಕೊಂದು ಹೊಂದ್ತಾವಾ ಅಂತ ಹೇಳುತ್ತೆ ಅಷ್ಟೇ, ಕೇಳಿಸಿಕೊಂಡವರಿಗೆ ತಿಳಿದದ್ದೇನು ಅಂತ ಹೇಳಲ್ಲ.

ಬೇರೆ ಊರಲ್ಲಾಗಿದ್ರೆ ಇಷ್ಟು ಹೊಟ್ಟೆ ಉರೀತಿರಲಿಲ್ಲವೇನೋ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದು ಕಲಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ಆ ಬಳ್ಳಾರಿ ಮಾದರಿ ಇಟ್ಕೊಂಡೇ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ಅಂಥ ಜಿಲ್ಲೆಯ ಸಂಕಿರಣದಲ್ಲಿ ಮೊದಲ ಸ್ಲೈಡು ಕೇಳಿದ ಕನ್ನಡ ಪ್ರಶ್ನೆಗಳದ್ದೇ ಆಗಬೇಕು. ಆ ಮಾತುಗಳ ಮೇಲೆ ಜಗಳ ಆಗ್ಲಿ, ಅರ್ಧ ದಿನ ಹೋದ್ರೂ ಹೋಗ್ಲಿ.

ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಚಹಾ ಹೊತ್ತಲ್ಲಿ ಹೋಗಿ ಕೇಳಿದೆ. ಬ್ಯಾಗಿನಿಂದ ನೋಟ್‌ಬುಕ್ ತೆಗೆದ್ಲು. ಹೆಣ್ಮಕ್ಕಳು ಆಡಿದ ಮಾತು, ಪೆನ್ಸಿಲಿನಲ್ಲಿ: "ಜೀವ ತಳಮಳಿಸ್ತೈತಿ." "ಒಳಗ ಉರೀತೈತಿ." "ಮಂದ್ಯಾಗ ಇದ್ರೂ ಒಬ್ಬಾಕಿನೇ ಇದ್ದಂಗ." ಇಂಥವು ನಾಲ್ಕು ಪುಟ. "ಇದಕ್ಕೆ ಪ್ರಬಂಧದಲ್ಲಿ ಜಾಗ ಇಲ್ಲ ಸರ್" ಅಂದ್ಲು. ಮುಂದಿನ ಸಲ ಈ ನಾಲ್ಕು ಪುಟ ಪರದೆ ಮೇಲೆ ಹಾಕವ್ವ, ನಮ್ಮವ್ವನ್ನೂ ಕರ್ಕೊಂಡು ಬರ್ತೀನಿ ಅಂತ ಹೇಳಿ ಬಂದೆ.